ಚಾಚಾರ ಬಾವಿಯ ಮೊದಲ ಗ್ಲಾಸು

ಮೊನ್ನೆ ಕಿಟಕಿಗೆ ಬಣ್ಣ ಹಚ್ಚಲು ಬಂದವನು ತಿನ್ನರ್ ಡಬ್ಬಿ ತೆರೆದ. ಮನೆಯವರೆಲ್ಲ ಮೂಗು ಮುಚ್ಚಿಕೊಂಡರು. ನನಗೆ ಮಾತ್ರ ಪಕ್ಕದ ಮನೆಯ ಚಾಚಾ ನೆನಪಾದರು…

ಬಸವಕಲ್ಯಾಣದ ನಮ್ಮ ಓಣಿಗೆಲ್ಲ ಅವರ ಬಾವಿಯದೇ ನೀರು. ದಿನಾ ಬೆಳಿಗ್ಗೆ ಮೊದಲ ಗ್ಲಾಸು ತಾವು ಕುಡಿದು, "ಹಾಂ, ಬರ್ರಿ" ಅಂದ ಮೇಲೆಯೇ ಮಿಕ್ಕವರು ಕೊಡ ಇಳಿಸಬೇಕು. ಎಂಥ ನವಾಬಗಿರಿ ಅಂತ ಬೆನ್ನ ಹಿಂದೆ ನಗುತ್ತಿದ್ದೆವು. ಆದರೂ ಅವರಿಗಿಂತ ಮುಂಚೆ ಯಾರೂ ಹಗ್ಗ ಮುಟ್ಟುತ್ತಿರಲಿಲ್ಲ.

ಒಂದು ಬೇಸಿಗೆಯಲ್ಲಿ ಓಣಿಯ ಮೇಲ್ಬದಿಯ ಹೊಲದ ಬೋರ್‌ವೆಲ್ ಬತ್ತಿತು. ಹೊಲದವರು ಒತ್ತಡದಿಂದ ನೀರು ನುಗ್ಗಿಸಿ ಬಂಡೆಯಲ್ಲಿ ಬಿರುಕು ಬಿಡಿಸುವವರನ್ನು ಕರೆಸಿದರು. ಅವರ ಟ್ಯಾಂಕರ್ ಹಿಂದೊಮ್ಮೆ ತಿನ್ನರಿನಂಥ ಯಾವುದೋ ದ್ರಾವಕ ಸಾಗಿಸಿತ್ತು, ತೊಳೆಯದೆ ಅದರಲ್ಲೇ ನೀರು ತಂದಿದ್ದರು. ಬೋರಿಗೆ ನೀರು ಬಂತು, ಪೇಢೆ ಹಂಚಿದರು. ಮಳೆಗಾಲ ಮುಗಿಯುವಷ್ಟರಲ್ಲಿ ಅದೇ ಬಿರುಕುಗಳ ದಾರಿ ಹಿಡಿದು ತಿನ್ನರ್ ವಾಸನೆ ಚಾಚಾರ ಗ್ಲಾಸಿಗೆ ಇಳಿದಿತ್ತು. ಅವರು ಉಗುಳಿದರು, ಬಾವಿಯ ಜಾಲರಿಗೆ ಬೀಗ ಜಡಿದರು.

ಕಾಲ ಕಳೆದಂತೆ ವಾಸನೆ ಹೋಯಿತು. ಬೀಗ ತೆಗೆಯಿರೆಂದು ಓಣಿಯೆಲ್ಲ ಗಂಟುಬಿದ್ದಿತು. ಚಾಚಾ ನನ್ನನ್ನು ಕರೆದರು. ನಾನಾಗ ಹುಮನಾಬಾದಿನಲ್ಲಿ ನೀರು ಪರೀಕ್ಷಿಸುವ ಕೆಲಸಕ್ಕೆ ಹೊಸದಾಗಿ ಸೇರಿದ್ದೆ. ಬಾವಿಯ ನೀರು ಒಯ್ದು ಪರೀಕ್ಷಿಸಿ ಬಂದೆ.

"ನೆಲದಾಗಿನ ಸೂಕ್ಷ್ಮಜೀವಿ ಅದನ್ನ ಒಡೆದು ಚೂರು ಮಾಡ್ಯಾವ, ಚಾಚಾ," ಅಂದೆ. "ಆದ್ರ ಆ ಚೂರು ಮೂಗಿಗೆ ಸಿಗಂಗಿಲ್ಲ. ಅದೂ ವಿಷಾನೇ. ಅದೂ ಒಡೀಬೇಕು."

"ಅಂದ್ರ ಹಾವು ಹೋಗಿ ಮರಿ ಬಿಟ್ಟದ," ಅಂದರು. "ನೀ ಹೂಂ ಅನ್ನೂತನ ಬೀಗ ತೆಗ್ಯಂಗಿಲ್ಲ, ಬೇಟಿ. ಆಮ್ಯಾಗ ಮೊದಲನೇ ಗ್ಲಾಸು ನಂದೇ."

ಜನ ಸಿಟ್ಟಾದರು. ದೂರದ ನಲ್ಲಿಯಿಂದ ನೀರು ಹೊತ್ತು ತರುವಾಗ ಅವರ ಬಾಗಿಲ ಮುಂದೆ ಬೇಕೆಂದೇ ಬೈದು ಹೋಗುತ್ತಿದ್ದರು, ಸಲಾಮು ಕೂಡ ನಿಂತಿತು. ಚಾಚಾ ಜಗ್ಗಲಿಲ್ಲ. ಪ್ರತಿ ಸಲ ನಾನು "ಇನ್ನೂ ಅದ" ಅಂದಾಗ ಸೊಂಟದ ಬೀಗದ ಕೈ ಮುಟ್ಟಿ ನೋಡಿಕೊಂಡು ಒಳಗೆ ಹೋಗುತ್ತಿದ್ದರು. ಅವರ ಹಟದ ಬಗ್ಗೆ ನನಗಿದ್ದಷ್ಟು ಹೆಮ್ಮೆ ನನ್ನ ಕಲಿಕೆಯ ಬಗ್ಗೆಯೂ ಇರಲಿಲ್ಲ.

ಕೊನೆಗೂ ನೀರು ಶುದ್ಧವಾಯಿತು. ಆದರೆ ಅಷ್ಟರಲ್ಲಿ ಚಾಚಾ ತೀರಿಕೊಂಡಿದ್ದರು… ಚಾಚಿ ಬೀಗದ ಕೈ ತಂದು ನನಗೆ ಕೊಟ್ಟರು. ಮೊದಲ ಗ್ಲಾಸು ತುಂಬಿ ಕಟ್ಟೆಯ ಮೇಲೆ ಚಾಚಾ ನಿಲ್ಲುತ್ತಿದ್ದ ಕಡೆ ಇಟ್ಟೆ. ಓಣಿಯವರು ಕೊಡ ಹಿಡಿದು ನಿಂತೇ ಇದ್ದರು, ಯಾರೂ ಹಗ್ಗ ಮುಟ್ಟಲಿಲ್ಲ. ಕೊನೆಗೆ ನಾನೇ ಹೇಳಬೇಕಾಯಿತು: "ಹಾಂ, ಬರ್ರಿ."

ಬಣ್ಣದವನು ಕೆಲಸ ಮುಗಿಸಿ ನೀರು ಕೇಳಿದ. ಕೊಟ್ಟೆ. ಒಂದೇ ಗುಟುಕಿಗೆ ಕುಡಿದು, "ಭಾಳ ಸಿಹಿ ಅದರಿ ಅಕ್ಕಾರ, ಯಾವ ಬಾವೀದು?" ಅಂದ.

"ಚಾಚಾರದು," ಅಂದೆ.