ನಿನ್ನನ್ನು ನಾನು ಕೇಳಲೇ ಇಲ್ಲ

ಕೇಳಿದೆ, ನೀನು ಹೇಳಲಿಲ್ಲ — ಎಂದು ನಾನು ಹೇಳಿದ್ದು ಸುಳ್ಳು. ನಿನ್ನನ್ನು ನಾನು ಏನೂ ಕೇಳಿರಲಿಲ್ಲ. ಆ ಸುಳ್ಳಿನ ತಪ್ಪನ್ನು ಹನ್ನೊಂದು ವರ್ಷದಿಂದ ನೀನು ಹೊತ್ತಿದ್ದೀಯ.

ನಿನಗೆ ಆಗ ಹದಿಮೂರು. ನಾನು ಚೆನ್ನೈಯ ಒಂದು ಆಸ್ಪತ್ರೆಯಲ್ಲಿ ಹೆಣ್ಣುಮಕ್ಕಳ — ಸಣ್ಣವರ, ಹರೆಯದವರ — ಸ್ತ್ರೀರೋಗ ಚಿಕಿತ್ಸೆ ಕಲಿಯುತ್ತಿದ್ದ ವೈದ್ಯೆ. ನಮಗೆ ಕಲಿಸಿದ ಮೊದಲ ನಿಯಮ: ತಾಯಿಯನ್ನು ಸ್ವಲ್ಪ ಹೊತ್ತು ಹೊರಗೆ ಕೂರಿಸಿ, ಹುಡುಗಿಯನ್ನೇ ಕೇಳಬೇಕು. ಕೇಸ್ ಶೀಟಿನಲ್ಲಿ ಅದಕ್ಕೊಂದು ಚೌಕವಿತ್ತು. ಕೇಳಿದ ಮೇಲೆ ಟಿಕ್ ಹಾಕಬೇಕು.

ಹೊಟ್ಟೆನೋವೆಂದು ನಿನ್ನ ತಾಯಿ ಪುರಸೈವಾಕ್ಕಂ ಬಡಾವಣೆಯಿಂದ ನಿನ್ನನ್ನು ಕರೆತಂದರು. ನನ್ನ ಕೋಟಿನ ಮೇಲಿನ ಹೆಸರು ಓದಿ, "ಕನ್ನಡದೋರೇನ್ರಿ? ಜೀವ ಬಂತು ನೋಡ್ರಿ. ಇಕಿಗೆ ಕನ್ನಡ ತಿಳೀತದ, ಬಾಯಾಗ ಬರೋದು ಮಾತ್ರ ತಮಿಳು," ಎಂದರು. ನಾನೂ ಹಿಗ್ಗಿದೆ. ಊರು, ಮನೆತನ ಎಲ್ಲಾ ಮಾತಾಯಿತು. ನಿನ್ನ ನೋವಿನ ವಿಷಯವನ್ನೂ ಅವರೇ ಹೇಳಿದರು — "ಪರೀಕ್ಷಿ ಬಂದಾವಲ್ರೀ, ಅದಕ್ಕ ಈ ನಾಟಕ." ನಾನು ನಕ್ಕೆ. ನೀನು ನಗಲಿಲ್ಲ.

ಆಮೇಲೆ ಅವರು ಚೀಟಿಗೆ ಸೀಲ್ ಹಾಕಿಸಲು ಕೌಂಟರಿಗೆ ಹೋದರು. ನಾವಿಬ್ಬರೇ ಉಳಿದೆವು — ಮೂರು ನಿಮಿಷ, ನಾಲ್ಕೂ ಇರಬಹುದು. ನೀನು "ಅಕ್ಕಾ" ಎಂದೆ. "ಒರು ನಿಮಿಷಂ ಮಾ," ಎಂದೆ ನಾನು, ತಲೆ ಎತ್ತದೆ. ಆ ಚೌಕಕ್ಕೆ ಟಿಕ್ ಹಾಕುತ್ತಿದ್ದೆ.

ಮಾತ್ರೆ ಬರೆದು ಕಳಿಸಿದೆ. ಮೂರನೆಯ ದಿನ ನಿನ್ನನ್ನು ಎತ್ತಿಕೊಂಡು ಬಂದರು. ಒಂದು ಅಂಡಾಶಯ ತಿರುಚಿಕೊಂಡು, ರಕ್ತ ಹರಿಯದೆ ಸತ್ತಿತ್ತು, ತೆಗೆಯಬೇಕಾಯಿತು. ಅಂಥ ನೋವು ಹಿಂದೆಯೂ ಎರಡು ಸಲ ಬಂದು ಹೋಗಿತ್ತು, ಶಾಲೆಯಲ್ಲಿ ವಾಂತಿಯಾಗಿತ್ತು ಎಂದು ಆಪರೇಷನ್ ಆದ ಮೇಲೆ ನೀನು ನರ್ಸಿಗೆ ಹೇಳಿದೆ. ನಾನು ಕೇಳಿ ತಿಳಿದಿದ್ದರೆ ಅಂದೇ ಸ್ಕ್ಯಾನ್ ಮಾಡಿಸುತ್ತಿದ್ದೆ. ಅಂಡಾಶಯ ಉಳಿಯುತ್ತಿತ್ತೇ — ಬಹುಶಃ. ಖಚಿತವಾಗಿ ಹೇಳಲಾರೆ.

ವಾರ್ಡಿನಲ್ಲಿ, ನಿನ್ನ ಮಂಚದ ಪಕ್ಕದಲ್ಲೇ ನಿಂತು ನಮ್ಮ ಹಿರಿಯ ವೈದ್ಯೆ ತಮಿಳಿನಲ್ಲಿ ಕೇಳಿದರು — ಇವಳೊಬ್ಬಳೇ ಇದ್ದಾಗ ಕೇಳಿದ್ದೆಯಾ?

"ಕೇಳಿದ್ದೆ ಮೇಡಂ. ಏನೂ ಹೇಳಲಿಲ್ಲ."

ನಿನ್ನ ತಾಯಿ ನಿನ್ನ ಕಡೆ ತಿರುಗಿದರು. "ಡಾಕ್ಟರ್ ಕೇಳಿದಾಗ ಬಾಯಿ ಬಿಡಾಕ ಏನಾಗಿತ್ತ ನಿನಗ?" ನೀನು ನನ್ನನ್ನು ನೋಡಿದೆ. ನಾನು ಕೈಯಲ್ಲಿದ್ದ ಶೀಟನ್ನು ನೋಡಿದೆ.

ಈಗ ನಾನೇ ವೈದ್ಯರಿಗೆ ಕಲಿಸುತ್ತೇನೆ. ಆ ನಿಯಮವನ್ನು ಪ್ರತಿ ತಂಡಕ್ಕೂ ಹೇಳುತ್ತೇನೆ. ಅದನ್ನು ಮುರಿದವಳು ಯಾರೆಂದು ಹೇಳಿಲ್ಲ. ಕಳೆದ ವಾರ ನಿನ್ನ ತಾಯಿ ತಮ್ಮದೇ ತೊಂದರೆಗೆಂದು ನನ್ನಲ್ಲಿಗೆ ಬಂದಿದ್ದರು. ನಿನ್ನ ಮದುವೆಯ ಮಾತು ನಡೆಯುತ್ತಿದೆಯಂತೆ. "ಆವತ್ತ ಇಕಿ ಬಾಯಿ ಬಿಟ್ಟಿದ್ರ ಇವತ್ತ ಈ ಚಿಂತಿ ಇರತಿದ್ದಿಲ್ರಿ," ಎಂದರು. ಇನ್ನೊಂದು ಅಂಡಾಶಯ ಚೆನ್ನಾಗಿದೆ, ಮಕ್ಕಳಾಗಲು ಅದೊಂದೇ ಸಾಕು ಎಂದು ಧೈರ್ಯ ಹೇಳಿದೆ. ಅದು ನಿಜ. ಉಳಿದ ನಿಜ ಹೇಳದೆ, ಅವರ ರಕ್ತಪರೀಕ್ಷೆಗೆ ಚೀಟಿ ಬರೆದುಕೊಟ್ಟೆ.

ಬುಧವಾರ ಅವರು ರಿಪೋರ್ಟ್ ತೋರಿಸಲು ಬರುತ್ತಾರೆ. ಮೊದಲು ಇದನ್ನು ಹೇಳುತ್ತೇನೆ, ಆಮೇಲೆ ರಿಪೋರ್ಟ್ ನೋಡುತ್ತೇನೆ. ಎದ್ದು ಹೋದರೆ ಹೋಗಲಿ. ನಿನ್ನ ಕ್ಷಮೆ ಕೇಳುವ ಧೈರ್ಯ ನನಗಿಲ್ಲ. ನೀನು ಹೇಳಲು ಬಾಯಿ ತೆರೆದಿದ್ದೆ ಎಂಬುದು ನಿನ್ನ ತಾಯಿಗೆ ಗೊತ್ತಾಗಬೇಕು.