ಅಮರಮ್ಮನ ಕಂಬಳಿ ಗಂಟಿನಲ್ಲಿ ಬಂದ ನಾಯಿ

ಮಕ್ತಲ್ ಬಸ್ ಸ್ಟ್ಯಾಂಡಿನ ಎದುರು ದಿನವಿಡೀ ಕೂತು, ಮಾರದೆ ಉಳಿದ ಕಂಬಳಿಗಳನ್ನು ಗಂಟು ಕಟ್ಟಿ ಆಟೋದ ಹಿಂದೆ ಹಾಕಿಕೊಂಡು ಅಮರಮ್ಮ ಊರಿಗೆ ಬಂದಾಗ ಇನ್ನೂ ಬಿಸಿಲಿತ್ತು. ಪಡಸಾಲೆಯಲ್ಲಿ ಗಂಟು ಇಳಿಸಿ ಬಿಚ್ಚಿದಳು. ಒಳಗೆ ಏನೋ ಮಿಸುಕಿತು. ಮರಿ ಇರಬೇಕು ಅಂದುಕೊಂಡಳು. ಕುರುಬರ ಮನೆಯ ಕಂಬಳಿಯೊಳಗೆ ಮಿಸುಕುವುದು ಕುರಿಮರಿಯಲ್ಲದೆ ಮತ್ತೇನು? ಕೈ ಹಾಕಿದರೆ ಒರಟು ಕೂದಲು ಸಿಕ್ಕಿತು, ಆಮೇಲೆ ಒದ್ದೆ ಮೂಗು. ಎತ್ತಿ ಹೊರಗಿಟ್ಟಳು.

ಮೊಣಕಾಲಿಗೂ ಬಾರದ ಪ್ರಾಣಿ. ಮೈಯೆಲ್ಲ ಬಿಳಿ, ಒಂದು ಕಿವಿ ಮಾತ್ರ ಇಟ್ಟಿಗೆ ಬಣ್ಣ. ಬಾಯಿಯ ಸುತ್ತ ಹೋತದ ಗಡ್ಡ. ಬಾಲ ಯಾರೋ ಕತ್ತರಿಸಿದಂತೆ ಗಿಡ್ಡ. ಅದು ಮೈ ಕೊಡವಿ, ಅವಳನ್ನು ಮೇಲಿಂದ ಕೆಳಗೆ ನೋಡಿ, ಒಮ್ಮೆ ಬೊಗಳಿತು. ದನಿ ಮಾತ್ರ ಹಟ್ಟಿ ಕಾಯುವ ದೊಡ್ಡ ನಾಯಿಯದು.

"ಯಾರ ನಾಯಿ ಬಂತು?" ಒಳಗಿನಿಂದ ಅತ್ತೆ ಮಾಳಮ್ಮ ಕೂಗಿದಳು.

"ನಾಯಿನೋ ಏನೋ ಗೊತ್ತಾಗವಲ್ದು ಅತ್ತಿ. ನೀವೇ ಬಂದು ನೋಡ್ರಿ."

ಅಮರಮ್ಮನಿಗೆ ನಾಯಿ ಗೊತ್ತಿಲ್ಲವೆಂದಲ್ಲ. ಹಟ್ಟಿಯಲ್ಲೇ ಹುಟ್ಟಿ, ಹಟ್ಟಿಗೇ ಸೊಸೆಯಾಗಿ ಬಂದವಳು. ಗಂಡ ಆಶಪ್ಪ ಕುರಿ ಹೊಡೆದುಕೊಂಡು ಕೃಷ್ಣಾ ಕಾಲುವೆಯ ಹೊಲಗಳ ಕಡೆಗೆ ಹೋದರೆ ತಿಂಗಳುಗಟ್ಟಲೆ ಬರುವುದಿಲ್ಲ. ಅವನ ಹಿಂದೆ ಮೂಳೆ ಎದ್ದ ಎರಡು ಕರಿ ನಾಯಿಗಳೂ ಹೋಗುತ್ತವೆ. ಅವುಗಳಿಗೆ ಒಂದಿಷ್ಟು ಅಂಬಲಿ ಸುರಿದರೆ ಮುಗಿಯಿತು. ಹೊಸ್ತಿಲು ದಾಟುವುದಿಲ್ಲ, ದಾಟಿದರೆ ಕೋಲು. ಆದರೆ ಈ ಪ್ರಾಣಿ ಆಗಲೇ ಮೂಲೆಯ ಉಣ್ಣೆರಾಶಿಯ ಮೇಲೆ ಹತ್ತಿ, ಮೂರು ಸುತ್ತು ಸುತ್ತಿ, ಮಲಗಿಬಿಟ್ಟಿತ್ತು. ಓಡಿಸಬೇಕೋ ಹೊದಿಸಬೇಕೋ ತಿಳಿಯದೆ ಅಮರಮ್ಮ ಕೈಯಲ್ಲಿ ಕಂಬಳಿ ಹಿಡಿದುಕೊಂಡೇ ನಿಂತಳು.

ಮಾಳಮ್ಮ ಗೋಡೆ ಹಿಡಿದು ಬಂದು ನೋಡಿದಳು. ಕೈ ತಾನಾಗಿ ಹಣೆಗೆ ಹೋಯಿತು. "ಇವತ್ತು ಐತವಾರ! ಮೈಲಾರನ ವಾರ. ನಮ್ಮಪ್ಪನೇ ಕಳಿಸ್ಯಾನ. ಕಟ್ಟಬ್ಯಾಡ ಇದನ್ನ, ಹೊಡೀಬ್ಯಾಡ."

"ಕೊಳ್ಳಾಗ ಪಟ್ಟಿ ಕಟ್ಟಿದ ಗುರ್ತು ಐತಿ ನೋಡ್ರಿ ಅತ್ತಿ, ಕೂದ್ಲು ಸವದೈತಿ. ದೇವ್ರ ನಾಯಿಗೆ ಪಟ್ಟಿ ಯಾರು ಕಟ್ಟತಾರ?"

"ಯಾಕ, ದೇವ್ರು ಕಟ್ಟಿರಬಾರ್ದೇನು?"

ಅಮರಮ್ಮ ಒಳಗೆ ಹೋಗಿ ಬಟ್ಟಲು ತಂದಳು.

ಅಂಬಲಿ ಇಟ್ಟಳು, ಮೂಸಿ ನೋಡಿ ಹಿಂದೆ ಸರಿಯಿತು. ರೊಟ್ಟಿ ಮುರಿದು ಹಾಕಿದಳು, ಕಾಲಿನಿಂದ ಆಚೆ ತಳ್ಳಿತು. "ಬಾ" ಅಂದಳು, ತೆಲುಗಿನಲ್ಲಿ "ರಾ" ಅಂದಳು, ಪ್ಯಾಟೆಯ ಉರ್ದುವಿನಲ್ಲಿ "ಆವ್, ಆವ್" ಅಂದಳು. ಮೂರಕ್ಕೂ ಅದು ತಲೆ ವಾರೆ ಮಾಡಿ ಒಂದೇ ಥರ ನೋಡಿತು. ಯಾವ ಭಾಷೆಯ ಮನೆಯಿಂದ ಬಂದದ್ದೋ! ಕೊನೆಗೆ ಮಾಳಮ್ಮ ದೇವರ ಜಗುಲಿಯಿಂದ ಮರದ ದೋಣಿಯನ್ನು ಇಳಿಸಿದಳು. ಹಬ್ಬದಲ್ಲಿ ಗೊರವಯ್ಯಗಳು ಮೈಲಾರನ ನಾಯಿಗಳಂತೆ ಬೊಗಳುತ್ತ, ಹಾಲು ಬಾಳೆಹಣ್ಣು ಉಣ್ಣುವ ಬಟ್ಟಲು ಅದು. ಅದರಲ್ಲಿ ಹಾಲು-ಅನ್ನ ಕಲಸಿ, ಚಿಟಿಕೆ ಭಂಡಾರದ ಅರಿಸಿನ ಉದುರಿಸಿ ಇಟ್ಟರೆ ನಾಯಿ ತಳ ಕಾಣುವ ತನಕ ನೆಕ್ಕಿತು.

"ಈಗೇನಂತಿ?" ಅಂದಳು ಅತ್ತೆ.

ಹಾಲು ಕಂಡರೆ ಯಾವ ನಾಯಿ ಬಿಡುತ್ತದೆ ಅನ್ನಬೇಕೆನಿಸಿತು. ಆದರೂ ಮನಸ್ಸಿನಲ್ಲಿ ಒಂದು ಅಳುಕು ಉಳಿಯಿತು. ನಿಜವಾಗಿಯೂ ದೇವರೇ ಕಳಿಸಿದ್ದರೆ?

ಮಾರನೆಯ ದಿನದಿಂದ ಹೊಸ ಗೊಂದಲ. ನಾಯಿ ಗೋಡೆಯ ಬುಡ ಕೆದರತೊಡಗಿತು. ಮುಂಗಾಲಿನಿಂದ ಮಣ್ಣು ಹಿಂದಕ್ಕೆ ಚಿಮ್ಮಿಸುತ್ತ, ಅರ್ಧ ಮೈ ಬಿಲದೊಳಗೆ ತೂರಿಸಿ, ತನ್ನ ತಲೆಗಿಂತ ದೊಡ್ಡ ಹೆಗ್ಗಣವನ್ನು ಕಚ್ಚಿ ಎಳೆದು ತಂದಿತು. ತಂದದ್ದನ್ನು ಬೇರೆಲ್ಲೂ ಅಲ್ಲ, ದೇವರ ಜಗುಲಿಯ ಮುಂದೆಯೇ ಇಟ್ಟು ಕೂತಿತು. ಅಮರಮ್ಮ ಸೆಗಣಿ ನೀರು ತಂದು ಬಳಿದಳು. "ಸೇವಾ ಮಾಡಾಕತ್ತೈತೋ, ಮೈಲಿಗಿ ಮಾಡಾಕತ್ತೈತೋ, ಆ ಅಪ್ಪಗೇ ಗೊತ್ತು" ಅಂದಳು ಮಾಳಮ್ಮ.

ವಾರ ಕಳೆಯುವಷ್ಟರಲ್ಲಿ ನಾಯಿ ತಲೆ ಝಾಡಿಸಲು ಶುರುಮಾಡಿತು. ಕಿವಿಯಿಂದ ವಾಸನೆ ಬರುತ್ತಿತ್ತು. ಕುರಿಯಾಗಿದ್ದರೆ ಅಮರಮ್ಮ ಬೇವಿನೆಣ್ಣೆ ಬಿಡುತ್ತಿದ್ದಳು. ಈ ಅಂಗೈಯಗಲದ ತಲೆ ಅದನ್ನು ತಡೆದೀತೋ ಇಲ್ಲವೋ ಅಂತ ಹೆದರಿದಳು. ಕಂಬಳಿಯಲ್ಲಿ ಸುತ್ತಿಕೊಂಡು ಮಕ್ತಲ್ಲಿನ ದನದ ದವಾಖಾನೆಗೆ ಹೋದಳು. ಅಲ್ಲಿ ಕೆಲಸಕ್ಕಿದ್ದ ರಜಿತಾ ಕಿವಿ ಒರೆಸಿ, ಔಷಧಿಯ ಹನಿ ಬಿಟ್ಟಳು.

"ಟೆರಿಯರ್ ಇದು" ಅಂದಳು.

"ನನ್ನ ಗೆಳತಿ ಅಲ್ರೀ ಯವ್ವಾ, ಮೊನ್ನೆ ಬಂದದ್ದು."

ರಜಿತಾಳಿಗೆ ಅರ್ಥವಾಗಲಿಲ್ಲ. ಅಮರಮ್ಮ ಪ್ಯಾಟೆಯ ಉರ್ದುವಿನಂತೆ 'ತೇರಿ ಯಾರ್', ಅಂದರೆ ನಿನ್ನ ಗೆಳತಿ, ಎಂದು ಕೇಳಿಸಿಕೊಂಡಿದ್ದಾಳೆ ಎಂಬುದು ತಿಳಿದ ಮೇಲೆ ಬಹಳ ಹೊತ್ತು ನಕ್ಕಳು. "ಅದು ಜಾತಿ ಹೆಸರು ಅಕ್ಕಾ. ಬಿಲ ಕೆದರಿ ಹೆಗ್ಗಣ ಹಿಡಿಯೋದು ಇದರ ರಕ್ತದಾಗೇ ಐತಿ. ದಿನಾ ಕೂದ್ಲು ಬಾಚ್ರಿ, ಕೋಳಿ ಎಲುಬು ಹಾಕಬ್ಯಾಡ್ರಿ. ಆಮ್ಯಾಲೆ ಮುದ್ದು ಮಾಡ್ರಿ, ಇಲ್ಲಾಂದ್ರ ಇವು ಸೊರಗ್ತಾವ."

"ಮುದ್ದು ಅಂದ್ರ ಹೆಂಗ ಮಾಡಬೇಕ್ರೀ?"

"ತಲಿ ಮ್ಯಾಲೆ ಕೈ ಆಡಿಸ್ರಿ. ಅಷ್ಟೇ."

ರಜಿತಾ ಫೋನಿನಲ್ಲಿ ಫೋಟೋ ತೆಗೆದುಕೊಂಡಳು. "ಸಾಕಿದವ್ರು ಹುಡುಕ್ತಿರಬೇಕು. ಗ್ರೂಪಿಗೆ ಹಾಕ್ಲೇನು?" ಅಂತ ಕೇಳಿದಾಗ ಅಮರಮ್ಮ "ಹಾಕ್ರಿ" ಅಂದಳು. ಆಟೋದಲ್ಲಿ ಕೂತ ಮೇಲೆ, ಯಾಕೆ ಹಾಗಂದೆ ಅನಿಸಿತು. ಅನ್ನದಿದ್ದರೆ ತಪ್ಪಾಗುತ್ತಿತ್ತು ಎಂದೂ ಅನಿಸಿತು.

ಅಂದಿನಿಂದ ಉಣ್ಣೆ ಬಾಚುವ ಹಣಿಗೆಯಲ್ಲೇ ನಾಯಿಯನ್ನೂ ಬಾಚಿದಳು. ನೂಲುವಾಗ ಅದು ಅವಳ ತೊಡೆಗೆ ಒರಗಿ ಕೂರುತ್ತಿತ್ತು. ಯಾರೂ ಇಲ್ಲದಾಗ ತಲೆಯ ಮೇಲೆ ಕೈ ಆಡಿಸುವಳು. ಅತ್ತೆ ಬಂದರೆ ಕೈ ತೆಗೆಯುವಳು. ಅತ್ತೆ ಅದನ್ನು ಮೈಲಾರಿ ಅಂತ ಕರೆಯುತ್ತಿದ್ದಳು. ಅಮರಮ್ಮ ಮಾತ್ರ ಹೆಸರಿಡಲಿಲ್ಲ. ಬೇರೆಯವರ ಮನೆಯಲ್ಲಿ ಆಗಲೇ ಒಂದು ಹೆಸರು ಇದ್ದರೆ, ಇದಕ್ಕೆ ಇನ್ನೊಂದು ಇಡುವ ಹಕ್ಕು ತನಗೆಲ್ಲಿದೆ?

ಒಂದು ಮಧ್ಯಾಹ್ನ ಬೈಕಿನ ಮೇಲೆ ಗಂಡ ಹೆಂಡತಿ ಬಂದಿಳಿದರು. ಗದ್ವಾಲದ ಸೀರೆ ನೇಯುವವರು, ಸಾಯಿನಾಥ ಮತ್ತು ಪ್ರಶಾಂತಿ. ಫೋಟೋ ಅವರ ತನಕ ಹೋಗಿತ್ತು. ಹೋದ ವರ್ಷ ಅವರ ನಾಯಿ ಕಳೆದಿತ್ತಂತೆ.

ಸಾಯಿನಾಥ ಹೊಸ್ತಿಲಲ್ಲೇ ಮೊಣಕಾಲೂರಿ "ಚಿನ್ನೀ" ಅಂದ. ನಾಯಿ ಹೋಗಿ ಅವನ ಕೈ ಮೂಸಿ, ಗಿಡ್ಡ ಬಾಲ ಅಲ್ಲಾಡಿಸಿತು. ಮರುಕ್ಷಣ ಅದು ತಿರುಗಿ ಬಂದು ಉಣ್ಣೆರಾಶಿ ಹತ್ತಿತು.

"ನಮ್ದೇ ಇದು" ಅಂದ ಸಾಯಿನಾಥ. ಸ್ವಲ್ಪ ತಡೆದು, "ನಮ್ದೇ ಇರಬಹುದು" ಅಂದ.

"ಕಾದು, ಕಾದು" ಎಂದು ತೆಲುಗಿನಲ್ಲೇ ಅಲ್ಲಗಳೆದಳು ಪ್ರಶಾಂತಿ. "ನಮ್ಮದಕ್ಕ ಎಡಗಿವಿ ಕೆಂಪು ಇತ್ತು. ಇದಕ್ಕ ಬಲಗಿವಿ."

ಸಾಯಿನಾಥ ಫೋನ್ ತೆಗೆದು ತೋರಿಸಿದ. ಅವನೂ ನಾಯಿಯೂ ಕೆನ್ನೆಗೆ ಕೆನ್ನೆ ಹಚ್ಚಿಕೊಂಡ ಸೆಲ್ಫಿ. ಅದರಲ್ಲಿ ಬಲಗಿವಿಯೇ ಕೆಂಪು. ಸೋತೆ ಅಂದುಕೊಂಡಳು ಅಮರಮ್ಮ. ಆದರೆ ಪ್ರಶಾಂತಿ ಬಿಡಲಿಲ್ಲ. "ಸೆಲ್ಫಿಯಾಗ ಎಡ ಬಲ ತಿರುಗತೈತಿ. ಕನ್ನಡಿಯಾಗ ನೋಡಿದಂಗ." ಎಲ್ಲ ಫೋನಿನಲ್ಲೂ ಹಾಗಾಗುವುದಿಲ್ಲ ಅಂದ ಗಂಡ. ಯಾವ ಫೋನಿನಲ್ಲಿ ತೆಗೆದದ್ದು ಅಂದಳು ಹೆಂಡತಿ. ಅದು ಅವನಿಗೆ ನೆನಪಿರಲಿಲ್ಲ. ಅಮರಮ್ಮ ತನ್ನ ಕಿವಿಗಳನ್ನು ತಾನೇ ಮುಟ್ಟಿ ನೋಡಿಕೊಂಡಳು. ಯಾವುದು ಎಡ, ಯಾವುದು ಬಲ ಎಂಬುದೇ ಒಂದು ಗಳಿಗೆ ಮರೆತುಹೋಯಿತು.

ಮಾಳಮ್ಮ ಮೂಲೆಯಿಂದ, "ಅದು ಮೈಲಾರನ ನಾಯಿ. ಯಾರ್ದೂ ಅಲ್ಲ" ಅಂದಳು. ಸಾಯಿನಾಥ ಅಜ್ಜಿಗೆ ಕೈ ಮುಗಿದ. ಅವನ ಕಣ್ಣು ಮಾತ್ರ ನಾಯಿಯ ಮೇಲೇ ಇತ್ತು. ಆ ನೋಟ ಕಂಡು ಅಮರಮ್ಮನ ಬಾಯಿಂದ ತಾನು ಯೋಚಿಸದ ಮಾತು ಬಂತು.

"ನಾನೇ ಗದ್ವಾಲಕ್ಕ ಕರ್ಕೊಂಡು ಬರ್ತೀನ್ರೀ. ಇದ್ದ ಮನಿ ಕಂಡ್ರ ಅದಕ್ಕ ಗುರ್ತು ಹತ್ತೈತಿ."

ಹೇಳಿದಂತೆ ಹೊರಟಳು. ಬಸ್ಸಿನಲ್ಲಿ ಕಂಡಕ್ಟರ್ ಆಧಾರ್ ನೋಡಿ ಅವಳಿಗೆ ಹೆಂಗಸರ ಪುಕ್ಕಟೆ ಜೀರೋ ಟಿಕೆಟ್ ಹರಿದುಕೊಟ್ಟ. ಕಂಬಳಿಯೊಳಗಿಂದ ಗಡ್ಡ ಇಣುಕಿತು. "ಇದಕ್ಕ?" ಅಂದ.

"ಇದೂ ಹೆಣ್ಣೇ ಐತ್ರೀ ಅಣ್ಣಾ."

ಅವನು ಮಿಷಿನ್ ನೋಡಿದ, ನಾಯಿ ನೋಡಿದ, ಮುಂದಿನ ಸೀಟಿಗೆ ಹೋದ. ಆತ್ಮಕೂರಿನಲ್ಲಿ ಬಸ್ಸು ಬದಲಿಸಿ, ಜೂರಾಲ ಡ್ಯಾಮ್ ದಾಟುವಾಗ ನೀರಿನ ಗಾಳಿಗೆ ನಾಯಿ ಮೂಗೆತ್ತಿತು. ಈ ದಾರಿ ಇದಕ್ಕೆ ಗೊತ್ತೋ ಅಥವಾ ಬರೀ ಮೀನಿನ ವಾಸನೆಯೋ ಎಂದು ಅಮರಮ್ಮ ಅದರ ಮುಖವನ್ನೇ ನೋಡಿದಳು.

ಗದ್ವಾಲದ ಆ ಮನೆಯ ಮುಂದಿನ ಕೋಣೆಯಲ್ಲೇ ಮಗ್ಗ. ನೇಯುವವರು ಕಾಲಿಳಿಸಿ ಕೂರಲು ನೆಲದಲ್ಲಿ ಕುಣಿ ತೆಗೆದಿದ್ದರು. ಇಳಿಸಿದ ತಕ್ಷಣ ನಾಯಿ ಕೋಣೆ ಸುತ್ತಿ, ನೇರ ಹೋಗಿ ಆ ಕುಣಿಯೊಳಗೆ ಧುಮುಕಿ ಮುದುರಿಕೊಂಡಿತು.

"ನೋಡ್ರಿ! ಅಲ್ಲೇ ಮಲಗ್ತಿತ್ತು ನಮ್ಮ ಚಿನ್ನಿ!" ಸಾಯಿನಾಥ ಕೂಗಿದ.

ಈ ನಾಯಿ ಎಲ್ಲಿ ಗುಂಡಿ ಕಂಡರೂ ಹಾಗೆಯೇ ಇಳಿಯುತ್ತದೆ ಎಂಬುದು ಅಮರಮ್ಮನಿಗೆ ಗೊತ್ತಿತ್ತು. ಹೇಳಿದರೆ ತನ್ನ ಆಸೆಗೆ ಹೇಳಿದಂತೆ, ಹೇಳದಿದ್ದರೆ ಮೋಸ. ಕೊನೆಗೆ ಮೆಲ್ಲಗೆ ಹೇಳಿದಳು.

"ಲಾಳಿ ಸಪ್ಪಳಕ್ಕ ನಮ್ಮದು ಓಡಿಹೋಗ್ತಿತ್ತು. ನೇದು ನೋಡ್ರಿ" ಅಂದಳು ಪ್ರಶಾಂತಿ.

ಸಾಯಿನಾಥ ಕುಣಿಯಲ್ಲಿ ಕಾಲಿಳಿಸಿ ಕೂತ. ತುಳಿದ, ಲಾಳಿ ಎಸೆದ. ಕೋಣೆಯೆಲ್ಲ ಖಟಖಟ. ನಾಯಿ ಓಡಲಿಲ್ಲ. ಅವನ ಪಾದದ ಮೇಲೆ ಗದ್ದವಿಟ್ಟು ಕಣ್ಣು ಮುಚ್ಚಿತು. ಅವನು ಒಂದಷ್ಟು ಹೊತ್ತು ನೇಯುತ್ತಲೇ ಇದ್ದ, ಆಮೇಲೆ ಕೈ ನಿಂತಿತು.

"ಇದು ನಮ್ದಲ್ಲ" ಅಂದ. ಪಾದ ಮಾತ್ರ ಅಲುಗಿಸಲಿಲ್ಲ.

ಆಗ ಪ್ರಶಾಂತಿಯೇ ಸೆರಗಿನಿಂದ ಕಣ್ಣೊರೆಸಿಕೊಂಡು, "ವರ್ಷಾತು. ಅಂಜಿಕಿ ಹೋಗಿರಬಹುದಲ್ಲಾ?" ಅಂದಳು.

ಅಲ್ಲ ಅಂದವಳು ಹೌದು ಅನ್ನುತ್ತಿದ್ದಳು, ಹೌದು ಅಂದವನು ಅಲ್ಲ ಅನ್ನುತ್ತಿದ್ದ. ಅಮರಮ್ಮ ಇಬ್ಬರ ಮುಖವನ್ನೂ ಸರದಿಯಂತೆ ನೋಡುತ್ತ ಅವರು ಕೊಟ್ಟ ಚಹಾ ಕುಡಿದಳು. ಬಸ್ಸಿನ ಹೊತ್ತಾಯಿತೆಂದು ಎದ್ದಾಗ ಮೂವರಲ್ಲಿ ಯಾರೂ ನಾಯಿಯನ್ನು ಮುಟ್ಟಲಿಲ್ಲ. ಅದು ತಾನೇ ಕುಣಿಯಿಂದ ಜಿಗಿದು ಬಾಗಿಲ ತನಕ ಬಂತು. ಅಲ್ಲಿ ನಿಂತು ಹಿಂದೆ ನೋಡಿತು, ಮುಂದೆ ನೋಡಿತು.

"ತಗೊಂಡು ಹೋಗ್ರಿ ಅಕ್ಕಾ" ಅಂದ ಸಾಯಿನಾಥ. "ಆದ್ರ ನಾ ಆಗಾಗ ಬಂದು ನೋಡ್ತೀನಿ. ಬ್ಯಾಡ ಅನ್ನಬ್ಯಾಡ್ರಿ."

"ನಿಮ್ಮ ಮನಿ ಇದ್ದಂಗ ಬರ್ರಿ" ಅಂದಳು ಅಮರಮ್ಮ. ಬಸ್ಸಿನಲ್ಲಿ ಕಿಟಕಿಗೆ ಮುಖ ಮಾಡಿ ಅತ್ತಳು. ನಾಯಿ ಉಳಿಯಿತೆಂಬ ಸಮಾಧಾನಕ್ಕೋ, ಇನ್ನೊಬ್ಬರದನ್ನು ಹೊತ್ತು ತಂದೆನೆಂಬ ಅಳುಕಿಗೋ, ಅವಳಿಗೇ ತಿಳಿಯಲಿಲ್ಲ.

ಸಾಯಿನಾಥ ಮಾತಿನಂತೆ ಬರುತ್ತಾನೆ. ಅವನು ಚಿನ್ನಿ ಅಂದರೂ ಬಾಲ ಅಲ್ಲಾಡುತ್ತದೆ, ಮಾಳಮ್ಮ ಮೈಲಾರಿ ಅಂದರೂ ಅಲ್ಲಾಡುತ್ತದೆ. ಅಮರಮ್ಮ "ಏ" ಅಂದರೂ ಸಾಕು.

ಕುರಿ ಹೊಡೆದುಕೊಂಡು ಆಶಪ್ಪ ಮರಳಿದ ದಿನ ನಾಯಿ ಅಂಗಳದಲ್ಲಿ ಎದುರು ನಿಂತು ಇಡೀ ಹಿಂಡಿಗೇ ಬೊಗಳಿತು. ಮುದಿ ಕುರಿಯೊಂದು ಕಾಲು ಅಪ್ಪಳಿಸಿತು. ಕರಿ ನಾಯಿಗಳು ಹತ್ತಿರ ಬಂದು ಮೂಸಿ, ಪೆಚ್ಚಾಗಿ ಆಶಪ್ಪನ ಮುಖ ನೋಡಿದವು. ಅವನೂ ಕೋಲೂರಿ ನಿಂತುಬಿಟ್ಟ.

"ಯಾರದಿದು?"

"ಅತ್ತಿ ದೇವ್ರದು ಅಂತಾರ. ಗದ್ವಾಲದವ್ರು ತಮ್ದು ಅಂತಾರ, ಮತ್ತ ಅಲ್ಲಾ ಅಂತಾರ."

"ನೀ ಏನಂತಿ?"

ಅಮರಮ್ಮ ನಾಯಿಯ ಕಡೆ ನೋಡಿದಳು. ಅದು ಬೊಗಳಿ ಬೊಗಳಿ ದಣಿದು, ನಾಲಿಗೆ ಚಾಚಿ, ಅವಳ ಕಾಲ ಬಳಿ ಕೂತಿತ್ತು.

"ನನಗೂ ತಿಳೀವಲ್ದು ನೋಡ್ರಿ" ಅಂದಳು. ಗಂಡನ ಎದುರೇ ಬಗ್ಗಿ ಅದರ ತಲೆಯ ಮೇಲೆ ಕೈ ಆಡಿಸಿದಳು, ಆಮೇಲೆ ಎಲ್ಲರಿಗೂ ನೀರು ತರಲು ಒಳಗೆ ಹೋದಳು.