ಬಿಡಿಸಿದ ಮೇಡಂ

ಮೊನ್ನೆ ನಾಗಸಂದ್ರದಲ್ಲಿ ಮೆಟ್ರೋ ಹತ್ತಿದಾಗ ಪಕ್ಕದಲ್ಲಿ ನಿಂತಿದ್ದವನ ಅಂಗಿಯಿಂದ ಸುಟ್ಟ ಎಣ್ಣೆ ವಾಸನೆ ಬಂತು. ಕಾದ ಕಬ್ಬಿಣ ಎಣ್ಣೆಗೆ ಅದ್ದಿದಾಗ ಏಳೋ ವಾಸನೆ, ಯಾವ ಸೋಪಿಗೂ ಬಗ್ಗಲ್ಲ. ಜನ ಮುಖ ತಿರುಗಿಸಿದ್ರು. ನನಗೆ ಪೀಣ್ಯದ ನಮ್ಮ ಬೋಲ್ಟ್ ಫ್ಯಾಕ್ಟರಿಯ ಹಳೇ ಕ್ವಾಲಿಟಿ ರೂಮು, ಅಲ್ಲಿದ್ದ ಮೇಡಂ ನೆನಪಾದ್ರು...

ನಾನು ಈಗಲೂ ಅದೇ ಫ್ಯಾಕ್ಟರಿಯಲ್ಲಿದ್ದೀನಿ. ಆಗ ಹೊಸಬಳು. ಕಸ್ಟಮರ್‌ಗೆ ಹೋಗೋ ರಿಪೋರ್ಟು ಇಂಗ್ಲಿಷಲ್ಲಿ ಬರೆಯೋದು ನನ್ನ ಕೆಲಸ, ತಿದ್ದೋದು ಮೇಡಂ ಕೆಲಸ. ಕನ್ನಡದಲ್ಲಿ ‘ಮಾಡಿದ’ ಅನ್ನೋದೊಂದಿದ್ರೆ ಸಾಕಲ್ಲ. ಟೆಸ್ಟ್ ಮಾಡಿದ ಪೀಸು, ಟೆಸ್ಟ್ ಮಾಡಿದ ಆಪರೇಟರ್, ಟೆಸ್ಟ್ ಮಾಡಿದ ದಿನ, ಎಲ್ಲಕ್ಕೂ ಹೊಂದುತ್ತೆ. ಅದೇ ಧೈರ್ಯದಲ್ಲಿ ಒಂದ್ಸಲ ‘ಟೆಸ್ಟೆಡ್ ಆಪರೇಟರ್’ ಅಂತ ಬರೆದಿಟ್ಟೆ.

“ಆಪರೇಟರ್‌ಗೆ ಏನಮ್ಮ ಟೆಸ್ಟ್ ಮಾಡ್ದೆ, ಬ್ಲಡ್ಡಾ?” ಅಂದ್ರು ಮೇಡಂ. ಮುಖದಲ್ಲಿ ನಗುವಿನ ಸುಳಿವೂ ಇರಲಿಲ್ಲ. ಆಮೇಲೆ ಹೇಳಿಕೊಟ್ರು: ಬರೀ ಅಳತೆ, ಅಂಕಿ ಆದ್ರೆ ‘ಟೆಸ್ಟೆಡ್’, ‘ಮೆಷರ್ಡ್’ ಅಂತ ಚಿಕ್ಕದಾಗಿ ಮುಗಿಸು. ಯಾರದೋ ತಲೆ ಮೇಲೆ ಬರೋ ಮಾತಾದ್ರೆ ‘ವಿಚ್’ ಹಾಕು, ‘ಹೂ’ ಹಾಕು, ಪೂರ್ತಿ ವಾಕ್ಯ ಬರಿ.

ಒಂದು ಬೆಳಗ್ಗೆ ನಾವು ಕಳಿಸಿದ ಬೋಲ್ಟುಗಳು ಬಿರುಕು ಬಿಟ್ಟು ವಾಪಸ್ ಬಂದ್ವು. ಅವುಗಳ ಗಡಸುತನ ಚೆಕ್ ಮಾಡಿರಲಿಲ್ಲ. ಚೆಕ್ ಮಾಡೋ ಮಿಷನ್ ರಿಪೇರಿಗೆ ಹೋಗಿತ್ತು, ಆದ್ರೂ ಕಳಿಸಿ ಅಂದವರು ಮ್ಯಾನೇಜರ್ರೇ. ಈಗ ಕಸ್ಟಮರ್ ಕಾರಣ ಕೇಳ್ತಿದ್ದ. ಮ್ಯಾನೇಜರ್ ನನ್ನ ಕುರ್ಚಿ ಹಿಂದೆ ನಿಂತು ‘ಪೀಸಸ್ ನಾಟ್ ಚೆಕ್ಡ್ ಬೈ ದಿ ಆಪರೇಟರ್’ ಅಂತ ಉತ್ತರದ ಮೇಲ್‌ನಲ್ಲಿ ಬರೆಸಿದ್ರು.

ಆಪರೇಟರ್ ಅಂದ್ರೆ ಯಾದಗಿರಿ ಕಡೆಯ ಅಣ್ಣ. ರಾಜಗೋಪಾಲನಗರದಲ್ಲಿ ಒಂದೇ ರೂಮಲ್ಲಿ ಸಂಸಾರ. ಈ ಮೇಲ್ ಹೋದ್ರೆ ಸಂಜೆಯೊಳಗೆ ಅವರು ಗೇಟ್ ಆಚೆ, ಅದು ಅವರಿಗೂ ಗೊತ್ತಿತ್ತು. ಗಾಜಿನ ಬಾಗಿಲ ಹೊರಗೆ ನಿಂತು, ಒರೆಸಿದ ಕೈಯನ್ನೇ ಮತ್ತೆ ಮತ್ತೆ ಒರೆಸಿಕೊಳ್ತಿದ್ರು.

ಮೇಡಂ ಬಗ್ಗಿ ಓದಿದ್ರು. ನನ್ನ ಸಾಲು ಅಳಿಸಿ, ಮಿಷನ್ ರಿಪೇರಿಗೆ ಹೋಗಿದ್ದರಿಂದ ‘ಪೀಸಸ್ ವಿಚ್ ಕುಡ್ ನಾಟ್ ಬಿ ಚೆಕ್ಡ್’ ಅಂತ ಟೈಪ್ ಮಾಡಿದ್ರು.

“ಎಷ್ಟುದ್ದ ಮೇಡಂ? ನಾಟ್ ಚೆಕ್ಡ್ ಅಂದ್ರೂ ಅದೇ ತಾನೆ, ಕಟ್ ಮಾಡಿ,” ಅಂದ್ರು ಮ್ಯಾನೇಜರ್.

“ಅದೇ ಅಲ್ಲ ಸಾರ್. ಕಟ್ ಮಾಡಿದ್ರೆ ‘ಕುಡ್’ ಹೋಗತ್ತೆ. ಮಾಡ್ದೇ ಇರೋದು ಬೇರೆ, ಮಾಡೋಕೆ ಆಗ್ದೇ ಇರೋದು ಬೇರೆ.”

“ನಂಗೆ ಗ್ರಾಮರ್ ಕ್ಲಾಸ್ ಬೇಡ.”

“ಗ್ರಾಮರ್ ಅಲ್ಲ ಸಾರ್, ಅವರ ಅನ್ನ.”

ಮ್ಯಾನೇಜರ್ ನನ್ನ ಕಡೆ ತಿರುಗಿದ್ರು. “ನೀನು ಕಟ್ ಮಾಡಮ್ಮ.” ಕೆಲಸ ನನಗೂ ಬೇಕಿತ್ತು. ಬೆರಳು ಕೀ ಮೇಲಿತ್ತು, ಅಷ್ಟರಲ್ಲಿ ಮೇಡಂ ನನ್ನ ಭುಜದ ಮೇಲಿಂದ ಕೈ ಚಾಚಿ ಮೌಸ್ ಹಿಡಿದು, ಮೇಲ್ ಕಳಿಸೇಬಿಟ್ರು.

ಅಣ್ಣನ ಕೆಲಸ ಉಳೀತು. ಮೇಡಂ ಟೇಬಲ್ ಮಾತ್ರ ಸ್ಟೋರ್ ಪಕ್ಕಕ್ಕೆ ಹೋಯ್ತು, ಆಮೇಲೆ ಮ್ಯಾನೇಜರ್ ಅವರಿಂದ ರಾಜೀನಾಮೆ ಬರೆಸಿಕೊಂಡ್ರು. ವೈಯಕ್ತಿಕ ಕಾರಣವಂತೆ... ಅವರ ನಂಬರಿಗೆ ಈಗ ಬೇರೆ ಯಾರೋ ಹಲೋ ಅಂತಾರೆ. ಎಲ್ಲಿದ್ದಾರೋ, ಇದ್ದಾರೋ ಇಲ್ವೋ ಗೊತ್ತಿಲ್ಲ. ಒಂದು ಥ್ಯಾಂಕ್ಸ್ ಹೇಳೋದು ಹಾಗೇ ಉಳ್ಕೊಂಡಿದೆ.

ಮೊನ್ನೆ ಆ ವಾಸನೆ ಹೊತ್ತುಕೊಂಡೇ ಆಫೀಸಿಗೆ ಹೋದೆ. ಹೊಸದಾಗಿ ಸೇರಿರೋ ಇಂಜಿನಿಯರ್ ಹಳೇ ರಿಪೋರ್ಟೊಂದನ್ನ ತೆರೆದು, “ಅಕ್ಕ, ಇದು ಆ ಕೆಲಸ ಬಿಟ್ಟ ಮೇಡಂ ಬರ್ದಿದ್ದಾ?” ಅಂದ್ಲು.

“ಬಿಟ್ಟ ಮೇಡಂ ಅಲ್ಲ, ಬಿಡಿಸಿದ ಮೇಡಂ.”

“ಹೌದಾ? ಯಾರನ್ನ ಬಿಡಿಸಿದ್ರು ಅವ್ರು?”

ಅದೇ ನಮ್ಮ ಕನ್ನಡದ ‘ಬಿಡಿಸಿದ’, ಯಾರ ಹೆಗಲಿಗೆ ಬೇಕಾದ್ರೂ ಹತ್ತಿ ಕೂರತ್ತೆ. ಮ್ಯಾನೇಜರ್ ಕ್ಯಾಬಿನ್ ಬಾಗಿಲು ತೆರೆದೇ ಇತ್ತು, ಒಳಗೆ ಅವರೂ ಇದ್ರು. ದನಿ ತಗ್ಗಿಸದೆ, ಯಾರು ಯಾರನ್ನ ಯಾಕೆ ಬಿಡಿಸಿದ್ರು ಅಂತ ಪೂರ್ತಿ ವಾಕ್ಯದಲ್ಲಿ ಹೇಳಿದೆ.